ಗುಡ್ಡ ಜರಿದ ಊರಿಗೆ ಪ್ರಾರ್ಥನೆಗೆ ಹೋಗುವವರಿಗೆ

ಮುಳ್ಳೇರಿಯದಿಂದ ಸ್ವಲ್ಪ ದೂರ, ನಮ್ಮ ಅಡಿಕೆ ತೋಟದ ಕೆಳಗೆ ಪಯಸ್ವಿನಿ ಹರಿಯುತ್ತದೆ. ಮಡಿಕೇರಿ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ದಾಟಿ ನಮ್ಮ ಕಾಸರಗೋಡಿಗೆ ಬರುವ ಹೊಳೆ. 2018ರ ಆಗಸ್ಟ್ 17, ಶುಕ್ರವಾರ. ಆ ದಿನ ಹೊಳೆಯ ನೀರು ಮಳೆಗಾಲದ ಕೆಂಪು ನೀರಿನ ಹಾಗಿರಲಿಲ್ಲ. ಇಟ್ಟಿಗೆ ಅರೆದು ಕಲಸಿದ ಹಾಗಿತ್ತು. ಬೇರು ಸಮೇತ ಮರಗಳು ಬರುತ್ತಿದ್ದವು. ಒಂದು ಅಡುಗೆಮನೆಯ ಮಣೆಯೂ ತೇಲಿ ಬಂತು. ನಮ್ಮವರು ದಡದಲ್ಲಿ ಕೊಡೆ ಹಿಡಿದು ನಿಂತು, "ಮೇಲೆ ಎಲ್ಲೋ ಗುಡ್ಡ ಜರಿದಿದೆ" ಎಂದರು. ಸಂಜೆ ಟಿವಿಯಲ್ಲಿ ಮಡಿಕೇರಿ ದಾರಿಯ ಜೋಡುಪಾಲದಲ್ಲಿ ಗುಡ್ಡ ಜರಿದ ಸುದ್ದಿ ಬಂತು. ಟಿವಿಗಿಂತ ಮೊದಲು ಹೊಳೆ ನಮಗೆ ಹೇಳಿತ್ತು.

ಮೂರನೇ ದಿನ ನಮ್ಮ ಕ್ರೈಸ್ತ ಸಭೆಯಿಂದ ನಾಲ್ಕು ಜನ ಜೀಪಿನಲ್ಲಿ ಜಾಲ್ಸೂರು, ಸುಳ್ಯ ದಾರಿಯಾಗಿ ಸಂಪಾಜೆ ಕಡೆಯ ಒಂದು ಶಾಲೆಗೆ ಹೋದೆವು. ಅಲ್ಲಿ ಪರಿಹಾರ ಶಿಬಿರ ಇತ್ತು. ನನ್ನ ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಬೆಡ್‌ಶೀಟು. ಇನ್ನೊಂದರಲ್ಲಿ ಇನ್ನೂರು ಕರಪತ್ರ. ಗೇಟಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗ ಎರಡನೇ ಚೀಲದೊಳಗೆ ಇಣುಕಿ ನೋಡಿದ. "ಟೀಚರೇ, ಇದನ್ನು ಜೀಪಲ್ಲೇ ಇಟ್ಟು ಬನ್ನಿ" ಎಂದ. ನನಗೆ ಸಿಟ್ಟು ಬಂತು. ಈಗ ನೆನೆದರೆ ಆ ಹುಡುಗನ ಕೈ ಮುಟ್ಟಿ ನಮಸ್ಕಾರ ಮಾಡಬೇಕು ಅನಿಸುತ್ತದೆ.

ಆದರೆ ಅದಕ್ಕಿಂತ ದೊಡ್ಡ ತಪ್ಪು ಒಳಗೆ ಆಯಿತು. ಏಳನೇ ತರಗತಿಯ ಕೋಣೆಯಲ್ಲಿ, ಬೆಂಚುಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿದ್ದಲ್ಲಿ, ಒಬ್ಬ ಹೆಂಗಸು ಕೂತಿದ್ದಳು. ಕೈಯಲ್ಲಿ ಸ್ಟೀಲ್ ಲೋಟ. ಕಾಫಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಅವಳ ಮಗ ಮಣ್ಣಿನಡಿ ಹೋಗಿದ್ದ. ನಾನು ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈ ಇಟ್ಟು, "ಎಲ್ಲ ದೇವರ ಚಿತ್ತ ಅಮ್ಮಾ" ಎಂದೆ. ಅವಳು ಲೋಟದಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮ ಮಗ ಆಗಿದ್ರೆ ಹೀಗೆ ಹೇಳ್ತಿದ್ರಾ ಟೀಚರೇ?" ಎಂದಳು. ದನಿ ಏರಿಸಲಿಲ್ಲ. ಸುಮ್ನೆ ಕೇಳಿದಳು.

ನನಗೆ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಮೂವತ್ತು ವರ್ಷ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿದವಳು, ಭಾನುವಾರ ಸಂಡೇ ಸ್ಕೂಲಿನಲ್ಲೂ ಹೇಳಿದವಳು, ಆ ದಿನ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಈಗ ಪ್ರತಿ ಮಳೆಗಾಲದಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. "ಟೀಚರೇ, ನಮ್ಮ ಯುವಕರು ಶಿಬಿರಕ್ಕೆ ಹೋಗ್ತಾರಂತೆ. ಏನು ಒಯ್ಯಬೇಕು? ಏನು ಹೇಳಬೇಕು?" ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆಗೇ ಬರೆದುಬಿಡೋಣ ಎಂದು ಕೂತಿದ್ದೇನೆ. ಮಿಷನರಿ ಅಂದರೆ 1834ರಲ್ಲಿ ಮಂಗಳೂರಿಗೆ ಹಡಗಿನಲ್ಲಿ ಬಂದ ಬಾಸೆಲ್ ಮಿಷನ್ನಿನ ಬಿಳಿಯರು ಎಂದು ನಮ್ಮ ಅಜ್ಜ ತಿಳಿದಿದ್ದರು. ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಈಗ ಆ ಟೊಪ್ಪಿ ನಮ್ಮ ತಲೆ ಮೇಲಿದೆ. ಹೊಳೆ ದಾಟಿ ಪಕ್ಕದ ಜಿಲ್ಲೆಗೆ ಹೋದರೂ ಸಾಕು, ನಾವೇ ಮಿಷನರಿಗಳು.

ಹೊರಡುವ ಮೊದಲು ಫೋನ್ ಮಾಡಿ

ಏನು ಬೇಕು ಎಂದು ಕೇಳುವುದಕ್ಕಿಂತ ಏನು ಬೇಡ ಎಂದು ಕೇಳಿ. ಬೇಡದ್ದರ ಪಟ್ಟಿ ಯಾವಾಗಲೂ ಉದ್ದ. ಅದರಲ್ಲಿ ಹಳೇ ಬಟ್ಟೆ ಮೊದಲು. ಸಂಪಾಜೆ ಶಾಲೆಯ ಜಗಲಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ನಾನು ಬಟ್ಟೆ ಬೇರೆ ಮಾಡಿದ್ದೇನೆ. ಹರಿದ ರವಿಕೆ, ಜಿಪ್ಪು ಹೋದ ಪ್ಯಾಂಟು, ಒಂಟಿ ಚಪ್ಪಲಿ. ಮನೆ ಕ್ಲೀನ್ ಮಾಡಿದವರು ಯಾರೋ, ಕಸ ಹೊತ್ತವರು ಇನ್ಯಾರೋ.

ಹೊಸ ಒಳಉಡುಪು ಒಯ್ಯಿರಿ. ನೈಟಿ, ಲುಂಗಿ, ಪ್ಯಾಡ್, ಬಕೆಟ್ಟು, ಮಗ್ಗು, ಚಾರ್ಜರ್, ಉಗುರು ಕಟ್ಟರ್. ಇನ್ನೊಂದು ಇದೆ, ಯಾರಿಗೂ ಹೊಳೆಯುವುದಿಲ್ಲ: ಓದುವ ಕನ್ನಡಕ. ರಾತ್ರಿ ಎದ್ದು ಓಡಿದವರು ಕನ್ನಡಕ ಹುಡುಕಿ ಹಾಕಿಕೊಂಡು ಓಡುವುದಿಲ್ಲ. ಮರುದಿನದಿಂದ ಮಾತ್ರೆಯ ಮೇಲಿನ ಹೆಸರು ಕಾಣುವುದಿಲ್ಲ, ಅರ್ಜಿ ಫಾರಂ ಕಾಣುವುದಿಲ್ಲ. 2024ರಲ್ಲಿ ಕೇರಳದ ವಯನಾಡಿನಲ್ಲಿ ಗುಡ್ಡ ಜರಿದಾಗ ನಾನು ಕಾಸರಗೋಡು ಪೇಟೆಯಿಂದ ಒಂದೂವರೆ, ಎರಡು, ಎರಡೂವರೆ ಪವರಿನದ್ದು ಸೇರಿಸಿ 20 ಕನ್ನಡಕ ಒಯ್ದಿದ್ದೆ. ಅರ್ಧ ಗಂಟೆಯಲ್ಲಿ ಖಾಲಿ. ಇದು ಕಣ್ಣು ಡಾಕ್ಟರು ಮಾಡುವ ಕೆಲಸ ಅಲ್ಲ ಅಂತ ನನಗೂ ಗೊತ್ತು. ಡಾಕ್ಟರು ಬರುವವರೆಗೆ ನಡೆಯುತ್ತದೆ.

ನಾಲ್ಕು ಜನ ಸಾಕು, ಬಸ್ಸು ತುಂಬಿಸಬೇಡಿ. ನಿಮ್ಮ ಊಟ, ನೀರು ನೀವೇ ಒಯ್ಯಿರಿ. ಕೇರಳದಲ್ಲಾದರೆ ಶಿಬಿರ ಕಂದಾಯ ಇಲಾಖೆಯ ಕೈಯಲ್ಲಿರುತ್ತದೆ. ಮೊದಲು ಅವರ ಮೇಜಿಗೆ ಹೋಗಿ ಹೆಸರು ಬರೆಸಿ. ಅಡುಗೆ, ಗುಡಿಸುವುದು ಹೆಚ್ಚಾಗಿ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು, ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ನೋಡುತ್ತಾರೆ. "ಏನು ಮಾಡ್ಲಿ ಅಕ್ಕಾ?" ಎಂದು ಅವರನ್ನು ಕೇಳಿದರೆ ತಕ್ಷಣ ಕೆಲಸ ಸಿಗುತ್ತದೆ. ನನಗೆ ಈರುಳ್ಳಿ ಸಿಕ್ಕಿತ್ತು. ಎರಡು ಗೋಣಿ.

ಗುಡ್ಡ ಜರಿದ ಜಾಗ ನೋಡಲು ಹೋಗಬೇಡಿ. ಫೋಟೋ ತೆಗೆಯಬೇಡಿ. ಇದಕ್ಕೆ ಕಾರಣ ಬರೆಯಬೇಕಾಗಿಲ್ಲ, ಅಲ್ವಾ?

ಓದಬಾರದ ಬೈಬಲ್ ವಚನಗಳು

ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಒಳ್ಳೆಯ ಮನಸ್ಸಿನವರು ಜಾಸ್ತಿ ಎಡವುವುದು ಇಲ್ಲೇ.

ನೆರೆ ಅಂದ ಕೂಡಲೇ ನಮ್ಮವರ ಕೈ ತಾನಾಗಿ ಯೆಶಾಯ 43ಕ್ಕೆ ಹೋಗುತ್ತದೆ. ನೀನು ನೀರು ದಾಟುವಾಗ ನಾನು ಜೊತೆಗಿರುತ್ತೇನೆ, ಹೊಳೆಗಳು ನಿನ್ನನ್ನು ಮುಳುಗಿಸವು ಎಂಬ ಮಾತು ಅಲ್ಲಿದೆ. ಬಹಳ ಚೆಂದದ ಮಾತು. ಆದರೆ ಎದುರು ಕೂತವನ ಹೆಂಡತಿಯನ್ನು ಹೊಳೆ ಮುಳುಗಿಸಿದೆ. ನೀವು ಆ ವಚನ ಓದಿದರೆ ಅವನಿಗೆ ಕೇಳಿಸುವುದು ಒಂದೇ: ದೇವರು ಅವಳ ಜೊತೆಗಿರಲಿಲ್ಲ. 91ನೇ ಕೀರ್ತನೆಯೂ ಹಾಗೆಯೇ. ಪಕ್ಕದಲ್ಲಿ ಸಾವಿರ ಜನ ಬಿದ್ದರೂ ನಿನಗೆ ಏನೂ ತಟ್ಟದು ಎನ್ನುತ್ತದೆ. ಉಳಿದವರಿಗೆ ಅದು ಸಮಾಧಾನ ಎಂದು ನಮಗನಿಸುತ್ತದೆ. ಉಳಿದವರು ರಾತ್ರಿಯೆಲ್ಲ ಅದೇ ಪ್ರಶ್ನೆ ಹಿಡಿದುಕೊಂಡು ಮಲಗಿರುತ್ತಾರೆ. ನಾನೇಕೆ ಉಳಿದೆ, ಅವನೇಕೆ ಇಲ್ಲ ಎಂದು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ 28ನೇ ವಚನ, ಎಲ್ಲವೂ ಒಳ್ಳೆಯದಕ್ಕೇ ಎನ್ನುವುದು, ಅದನ್ನೂ ಮನೆಯಲ್ಲೇ ಬಿಟ್ಟು ಹೋಗಿ. ವರ್ಷಗಳು ಕಳೆದ ಮೇಲೆ ಅವರೇ ಅದನ್ನು ತೆಗೆದು ಓದಿಕೊಳ್ಳಬಹುದು. ಅದು ಅವರಿಗೆ ಬಿಟ್ಟದ್ದು.

ಮಕ್ಕಳಿಗೆ ಜಲಪ್ರಳಯದ ನೋಹನ ಕಥೆ ಹೇಳಲೇಬೇಡಿ. ನಮ್ಮ ಸಂಡೇ ಸ್ಕೂಲಿನಲ್ಲಿ ಅದು ಪ್ರಾಣಿಗಳ ಕಥೆ. ಬಣ್ಣ ಹಚ್ಚಲು ಜಿರಾಫೆ, ಕಾಮನಬಿಲ್ಲು. ನಮ್ಮ ತಂಡದ ಹುಡುಗಿಯೊಬ್ಬಳು ಶಿಬಿರದಲ್ಲಿ ಅದನ್ನೇ ಶುರು ಮಾಡಿದಳು. ಮೂರನೇ ಕ್ಲಾಸಿನ ಒಬ್ಬ ಪುಟ್ಟ ಕೇಳಿದ: "ದೋಣಿಯೊಳಗೆ ಬೇರೆಯವರನ್ನು ಯಾಕೆ ಹತ್ತಿಸಲಿಲ್ಲ?" ಅವಳು ನನ್ನ ಮುಖ ನೋಡಿದಳು. ನಾನು ಬಣ್ಣದ ಪೆನ್ಸಿಲ್ ಡಬ್ಬಿ ತೆರೆದೆ.

ಹಾಗಾದರೆ ಓದುವುದು ಏನು? ನಾನು ಮೂರು ನಾಲ್ಕು ಇಟ್ಟುಕೊಂಡಿದ್ದೇನೆ.

ಒಂದು, ಪ್ರವಾದಿ ಎಲೀಯನ ಕಥೆ. ಒಂದನೇ ಅರಸುಗಳು 19. ಎಲೀಯ ಸಾಕಾಗಿ, ಸಾಯಬೇಕು ಅನಿಸಿ ಒಂದು ಗಿಡದ ಕೆಳಗೆ ಮಲಗುತ್ತಾನೆ. ದೂತನು ಬಂದು ಪಾಠ ಹೇಳುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ಎಬ್ಬಿಸಿ ತಿನ್ನಲು ಕೊಡುತ್ತಾನೆ. ಮಾತುಕತೆ ಎಲ್ಲ ನಲವತ್ತು ದಿನ ನಡೆದ ಮೇಲೆ. ಅದೇ ಅಧ್ಯಾಯದಲ್ಲಿ ಬಿರುಗಾಳಿ ಬರುತ್ತದೆ, ಭೂಕಂಪ ಬರುತ್ತದೆ, ಬೆಂಕಿ ಬರುತ್ತದೆ. ಮೂರರಲ್ಲೂ ದೇವರು ಇರಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಗುಡ್ಡ ಜರಿದದ್ದೇ ದೇವರ ಮಾತು ಎನ್ನುವವರು ಈ ಪುಟ ದಾಟಿ ಹೋಗಿರುತ್ತಾರೆ.

ಎರಡು, 13ನೇ ಕೀರ್ತನೆ. ಎಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದು ದೇವರನ್ನೇ ಕೇಳುವ ಆರು ವಚನ. ಇನ್ನೂ ಕತ್ತಲೆಯದ್ದು ಬೇಕಾದರೆ 88. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಬೆಲ್ಲ ಹಚ್ಚುವುದಿಲ್ಲ. ಹೀಗೂ ಪ್ರಾರ್ಥನೆ ಮಾಡಬಹುದಾ ಎಂದು ಜನ ಆಶ್ಚರ್ಯಪಡುತ್ತಾರೆ. ಮಾಡಬಹುದು. ಪುಸ್ತಕದೊಳಗೇ ಇದೆ.

ಮೂರು, ಯೋಹಾನನ ಸುವಾರ್ತೆ 21. ಸತ್ತು ಎದ್ದು ಬಂದ ಯೇಸು ಮೀನುಗಾರರಿಗೆ ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ಬಂದು ಊಟ ಮಾಡಿ ಎಂದು ಕರೆಯುವ ಬೆಳಿಗ್ಗೆ. ಉಪ್ಪಳ, ಮುಸೋಡಿ ಕಡೆ ಕಡಲ್ಕೊರೆತದಲ್ಲಿ ಮನೆ ಹೋದವರಿಗೆ ಇದಕ್ಕಿಂತ ಹತ್ತಿರದ ಭಾಗ ನನಗೆ ಸಿಕ್ಕಿಲ್ಲ. ಹೊಗೆ, ಮೀನು, ಹಸಿವು. ಅರ್ಥ ಬಿಡಿಸಿ ಹೇಳುವ ಕೆಲಸವೇ ಇಲ್ಲ.

"ಗೊತ್ತಿಲ್ಲ" ಎನ್ನಲು ಅಭ್ಯಾಸ ಮಾಡಿ

ನಮ್ಮ ಗಡಿಯಲ್ಲಿ ಮೂರು ಭಾಷೆಯಲ್ಲಾದರೂ ಇದನ್ನು ಕಲಿತಿರಬೇಕು. ಕನ್ನಡದಲ್ಲಿ ಗೊತ್ತಿಲ್ಲ. ತುಳುವಿನಲ್ಲಿ ಗೊತ್ತುಜ್ಜಿ. ಮಲಯಾಳದಲ್ಲಿ ಅರಿಯಿಲ್ಲ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹೇಳಿ ನೋಡಿ. ಉಪದೇಶ ಮಾಡಿ ರೂಢಿಯಾದ ನಾಲಿಗೆಗೆ ಇದು ಅಷ್ಟು ಸುಲಭವಲ್ಲ.

ದೇವರು ಎಲ್ಲಿದ್ದ ಎಂದು ಕೇಳಿದರೆ ಗೊತ್ತಿಲ್ಲ ಎನ್ನಿ. ಗುಡ್ಡ ಯಾಕೆ ಜರಿಯಿತು ಎಂದು ಕೇಳಿದರೆ ಗೊತ್ತಿರುವುದನ್ನು ಹೇಳಿ. ವಯನಾಡಿನಲ್ಲಿ 2024ರ ಜುಲೈ 30ರ ಬೆಳಗಿನ ಜಾವ ಗುಡ್ಡ ಜರಿಯಿತು. ಅದಕ್ಕೆ ಮೊದಲಿನ ಎರಡು ದಿನದಲ್ಲಿ ಆ ಬೆಟ್ಟದ ಸುತ್ತ 500 ಮಿ.ಮೀ.ಗೂ ಜಾಸ್ತಿ ಮಳೆ ಬಿದ್ದಿತ್ತು. ಕಡಿದಾದ ಇಳಿಜಾರು, ಕೆಳಗೆ ಬಂಡೆ, ಮೇಲೆ ನೀರು ಕುಡಿದು ಭಾರವಾದ ಮಣ್ಣು. ಅಲ್ಲಿನ ಮುಂಡಕ್ಕೈ, ಚೂರಲ್‌ಮಲದವರು ಪಾಪ ಮಾಡಿದ್ದರಿಂದ ಅಲ್ಲ. ಲೂಕನ ಸುವಾರ್ತೆ 13ರಲ್ಲಿ ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತ ಮಾತು ಬರುತ್ತದೆ. ಅವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳೋ ಎಂದು ಯೇಸುವೇ ಕೇಳಿ, ಅಲ್ಲ ಎಂದು ಯೇಸುವೇ ಹೇಳಿದ್ದಾನೆ. ಆದರೂ ನಮ್ಮವರಿಗೆ ಈ ಚಟ ಬಿಡುವುದಿಲ್ಲ.

ಚಟ ಹಳೆಯದು. 1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಭೂಕಂಪ ಆಯಿತು. ಸಕಲ ಸಂತರ ಹಬ್ಬ, ಜನ ಚರ್ಚಿನೊಳಗೆ. ಕಟ್ಟಡ ಬಿತ್ತು, ಕಡಲು ನುಗ್ಗಿತು, ಬೆಂಕಿ ಹಿಡಿಯಿತು. ಬ್ರೆಜಿಲ್‌ನಲ್ಲಿ ವರ್ಷಗಟ್ಟಲೆ ಮಿಷನರಿಯಾಗಿದ್ದ ಮಲಗ್ರೀಡಾ ಎಂಬ ಜೆಸ್ವಿಟ್ ಪಾದ್ರಿ ಮರುವರ್ಷ ಒಂದು ಕಿರುಹೊತ್ತಗೆ ಬರೆದರು. ಇದು ಪ್ರಕೃತಿಯಿಂದ ಆದದ್ದಲ್ಲ, ನಿಮ್ಮ ಪಾಪಕ್ಕೆ ಶಿಕ್ಷೆ ಎಂದು. ಊರು ಕಟ್ಟಿಸುತ್ತಿದ್ದ ಮಂತ್ರಿ ಪೊಂಬಾಲನಿಗೂ ಅವರಿಗೂ ಹಗೆ ಬೆಳೆಯಿತು. ಕೊನೆಗೆ 1761ರಲ್ಲಿ ಪಾದ್ರಿಯನ್ನು ಕೊಲ್ಲಿಸಿದರು. ಕೊಲ್ಲಿಸಿದ್ದು ಅನ್ಯಾಯವೇ. ಆದರೆ ಹೆಣ ಇನ್ನೂ ಎಣಿಸಿ ಮುಗಿಯದ ಊರಿನಲ್ಲಿ ಪಾಪದ ಲೆಕ್ಕ ತೆಗೆದದ್ದು ನನಗೆ ಈಗಲೂ ಅರಗುವುದಿಲ್ಲ. ನಾನೂ ಸಂಪಾಜೆಯಲ್ಲಿ ಚಿಕ್ಕ ಮಟ್ಟದಲ್ಲಿ ಅದನ್ನೇ ಮಾಡಿದ್ದೆನಲ್ಲ.

ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನು ನೋಡಿ. ಮೊದಲ ಏಳು ದಿನ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಬಾಯಿ ಬಿಟ್ಟ ಮೇಲೆ ಕೆಟ್ಟಿತು. ಪುಸ್ತಕದ ಕೊನೆಯಲ್ಲಿ ದೇವರು ಬೈಯುವುದು ಯೋಬನ ಗೆಳೆಯರನ್ನು.

ಅನ್ನ ಬೇರೆ, ದೀಕ್ಷಾಸ್ನಾನ ಬೇರೆ

ಈಗಿನ ಆಂಧ್ರದ ಒಂಗೋಲಿನಲ್ಲಿ ಜಾನ್ ಕ್ಲಫ್ ಎಂಬ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಇದ್ದರು. 1876ರಿಂದ 78ರವರೆಗಿನ ದೊಡ್ಡ ಬರಗಾಲದಲ್ಲಿ ಅವರು ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗ ತೋಡಿಸುವ ಗುತ್ತಿಗೆ ಹಿಡಿದರು. ಹಸಿದವರಿಗೆ ಕೂಲಿ ಸಿಗಲಿ ಎಂದು. ಆ ಕಾಲದಲ್ಲಿ ಕ್ರೈಸ್ತರಾಗಲು ದೀಕ್ಷಾಸ್ನಾನ ಕೇಳಿದವರು ಬೇಕಾದಷ್ಟಿದ್ದರು. ಕ್ಲಫ್ ಒಂದು ವರ್ಷಕ್ಕೂ ಹೆಚ್ಚು ಯಾರಿಗೂ ಕೊಡಲಿಲ್ಲ. ಊಟಕ್ಕಾಗಿ ಬಂದರೆಂದು ಯಾರೂ ಹೇಳಬಾರದು ಎಂದು. ಬರಗಾಲದ ಕೂಲಿ ನಿಂತ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಸಭೆಗಳಲ್ಲಿ ಈ 2,222ನ್ನು ಎಲ್ಲರೂ ಹೇಳುತ್ತಾರೆ. ನನಗೆ ಬೇಕಾದದ್ದು ಅದಕ್ಕೆ ಮುಂಚಿನ ಆ ಖಾಲಿ ವರ್ಷ. ಹಸಿದವನನ್ನು ನೀರಿನಲ್ಲಿ ಮುಳುಗಿಸಲು ಕೈ ಚಾಚದೆ, ಕೈಗೆ ಗುದ್ದಲಿ, ಸಂಜೆಗೆ ಕೂಲಿ ಕೊಟ್ಟ ವರ್ಷ. ಊಟ ಕೊಟ್ಟವನ ದೇವರು ಜನರಿಗೆ ನೆನಪಿರುತ್ತಾನೆ ಎಂದು ಟೀಕೆ ಮಾಡುವವರಿದ್ದಾರೆ. ಅದರಲ್ಲೂ ಹುರುಳಿದೆ. ಆದರೂ ಕಾದರಲ್ಲ.

ಶಿಬಿರದಲ್ಲಿ ಹಿಂದೂಗಳು, ಮುಸ್ಲಿಮರು, ನಮ್ಮವರು ಒಂದೇ ಸಾಲಿನಲ್ಲಿ ಗಂಜಿಗೆ ನಿಲ್ಲುತ್ತಾರೆ. ಪ್ರಾರ್ಥನೆ ಕೇಳಿದವರಿಗೆ ಮಾತ್ರ. ಅದೂ ಅವರ ಚಾಪೆಯ ಪಕ್ಕದಲ್ಲಿ, ಮೆಲ್ಲಗೆ. ಮೈಕ್ ಬೇಡ, ಕೀಬೋರ್ಡ್ ಬೇಡ. ಮಕ್ಕಳಿಗೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಏನೂ ಬೇಡ. ಕರಪತ್ರ ಜೀಪಿನಲ್ಲೂ ಬೇಡ.

ಏಳು ನಿಮಿಷ

ನಿಮ್ಮ ಸಭೆಯವರೇ ಸೇರಿ, ಒಂದು ಚಿಕ್ಕ ಆರಾಧನೆ ಮಾಡಿ ಎಂದು ಕೇಳಿದರೆ? ಏಳು ನಿಮಿಷ ಸಾಕು. ನಾನು ಹಳೇ ಡೈರಿಯ ಒಂದು ಪುಟದಲ್ಲಿ ಬರೆದುಕೊಳ್ಳುತ್ತೇನೆ. ಪುಟದ ಹಿಂಬದಿಗೆ ಹೋಯಿತೆಂದರೆ ಜಾಸ್ತಿಯಾಯಿತು ಎಂದು ಲೆಕ್ಕ. ಮೊದಲು ಊರಿನ ಹೆಸರು, ದಿನ ಹೇಳಿ. ಆಮೇಲೆ ಒಂದು ಕೀರ್ತನೆ. ಆಮೇಲೆ ಸುಮ್ಮನಿರುವುದು, ಎರಡು ನಿಮಿಷ. ಗಡಿಯಾರ ನೋಡಿ ಎರಡು ನಿಮಿಷ. ಬೋಧಕರಿಗೆ ಅದು ಎರಡು ಗಂಟೆಯ ಹಾಗೆ ಅನಿಸುತ್ತದೆ, ತಡೆದುಕೊಳ್ಳಿ. ಯಾರಾದರೂ ಅತ್ತರೆ ಅಳಲಿ. ಟಿಶ್ಯೂ ಹಿಡಿದು ಓಡಬೇಡಿ. ಆಮೇಲೆ ಪ್ರಾರ್ಥನೆ.

ವಯನಾಡಿನ ಮೇಪ್ಪಾಡಿಯ ಶಾಲೆಯೊಂದರಲ್ಲಿ ನಾನು ಓದಿದ್ದು ಹೀಗಿತ್ತು, ಇದ್ದ ಹಾಗೆ ಕೊಡುತ್ತೇನೆ:

"ದೇವರೇ, ಇವತ್ತು ಆಗಸ್ಟ್ 11, ಭಾನುವಾರ. ಹನ್ನೆರಡು ದಿನ ಆಯಿತು. ನಮಗೆ ನಿದ್ದೆ ಬರುವುದಿಲ್ಲ. ತಗಡಿನ ಮೇಲೆ ಮಳೆ ಬಿದ್ದರೆ ಎದ್ದು ಕೂರುತ್ತೇವೆ. ಸಿಕ್ಕದವರನ್ನು ಹುಡುಕುತ್ತಿರುವ ಹುಡುಗರ ಕಾಲು ಜಾರದಿರಲಿ. ಇವತ್ತಿನ ಅನ್ನಕ್ಕೆ, ಬೇಯಿಸಿದವರಿಗೆ ಸ್ತೋತ್ರ. ನಾಳೆಯ ಬಗ್ಗೆ ಕೇಳಲು ಇವತ್ತು ಶಕ್ತಿ ಇಲ್ಲ. ಆಮೆನ್."

ಮೊದಲು ಬರೆದಾಗ ಇದರಲ್ಲಿ "ನಿನ್ನ ಮಹಾ ಯೋಜನೆ" ಎಂಬ ಮಾತಿತ್ತು. ರಾತ್ರಿ ಬಸ್ಸಿನಲ್ಲಿ ಹೊಡೆದು ಹಾಕಿದೆ.

ಮೇಪ್ಪಾಡಿ ಹತ್ತಿರದ ಪುತ್ತುಮಲದ ಬಗ್ಗೆ ಒಂದು ಮಾತು. ಗುರುತು ಸಿಗದವರನ್ನು ಅಲ್ಲಿ ಎಸ್ಟೇಟಿನ ಜಾಗದಲ್ಲಿ ಮಣ್ಣು ಮಾಡಿದರು. ಎಲ್ಲ ಧರ್ಮದವರೂ ಸರದಿಯಲ್ಲಿ ಪ್ರಾರ್ಥಿಸಿದರು. ಹೆಸರಿನ ಜಾಗದಲ್ಲಿ ಡಿಎನ್‌ಎ ಮಾದರಿಯ ನಂಬರು. ಅಂಥ ಕಡೆ ನೀವು ನಿಲ್ಲಬೇಕಾಗಿ ಬಂದರೆ ನಿಮ್ಮ ಸರದಿ ಬೇಗ ಮುಗಿಸಿ. ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ, ಮಳೆಯೂ ಬರುತ್ತಿರುತ್ತದೆ.

ನಿರೀಕ್ಷೆ ಅಂದರೆ ಕಾಗದ

ನಮ್ಮ ಕನ್ನಡ ಬೈಬಲಿನಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂದಿದೆ. ಚಿಕ್ಕವಳಿದ್ದಾಗ ನನಗೆ ಈ ನಿರೀಕ್ಷೆ ಎಂಬ ಪದದ ಮೇಲೆ ಸಂಶಯ ಇತ್ತು. ಬಸ್ಸಿಗೆ ಕಾಯುವುದಕ್ಕೂ ಅದೇ ಪದ, ದೇವರಿಗೆ ಕಾಯುವುದಕ್ಕೂ ಅದೇ ಪದ. ಈಗ ಅದೇ ಸರಿ ಅನಿಸುತ್ತದೆ. ಬಸ್ಸಿಗೆ ಕಾಯುವವರು ಕಣ್ಣು ಮುಚ್ಚಿ ಕೂರುವುದಿಲ್ಲ. ಚೀಲ ಕೈಯಲ್ಲಿ ಹಿಡಿದು, ಚಿಲ್ಲರೆ ತೆಗೆದಿಟ್ಟುಕೊಂಡು, ರಸ್ತೆಯ ತಿರುವು ನೋಡುತ್ತಾ ನಿಂತಿರುತ್ತಾರೆ.

ಯೆರೆಮೀಯ 32 ತೆಗೆಯಿರಿ. ಜೆರುಸಲೇಮಿಗೆ ಶತ್ರುಗಳು ಮುತ್ತಿಗೆ ಹಾಕಿದ್ದಾರೆ. ಊರು ಹೋಗುವುದು ಖಂಡಿತ. ಪ್ರವಾದಿ ಯೆರೆಮೀಯ ಸೆರೆಯಲ್ಲಿದ್ದಾನೆ. ಆಗ ಅವನು ಅನಾತೋತಿನಲ್ಲಿ ಒಂದು ಹೊಲ ಕೊಳ್ಳುತ್ತಾನೆ. ಹದಿನೇಳು ಶೆಕೆಲ್ ಬೆಳ್ಳಿ ತಕ್ಕಡಿಯಲ್ಲಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ, ಬಹಳ ದಿನ ಉಳಿಯಲಿ ಎಂದು. ಶಾಲೆಯಲ್ಲಿ ಅರ್ಜಿ ಬರೆಸಿ ಅಭ್ಯಾಸ ಇರುವ ನನಗೆ ಬೈಬಲಿನಲ್ಲಿ ಇದರಷ್ಟು ಇಷ್ಟದ ಅಧ್ಯಾಯ ಇನ್ನೊಂದಿಲ್ಲ. ನಿರೀಕ್ಷೆಗೆ ಇಲ್ಲಿ ಸಾಕ್ಷಿ ಇದೆ, ಮುದ್ರೆ ಇದೆ, ಇಡಲು ಗಡಿಗೆ ಇದೆ.

ಮೇಪ್ಪಾಡಿಯಲ್ಲಿ ನನಗೆ ಸಿಕ್ಕ ಕೆಲಸವೂ ಇದೇ. ಕಳೆದುಹೋದ ದಾಖಲೆ ಮತ್ತೆ ಮಾಡಿಕೊಡಲು ಸರ್ಕಾರ ಅದಾಲತ್ ಮಾಡಿತ್ತು. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಜಾಗದ ಪತ್ರ, ಮಕ್ಕಳ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು. ಚಾಮರಾಜನಗರ ಕಡೆಯಿಂದ ಎಸ್ಟೇಟ್ ಕೆಲಸಕ್ಕೆ ಬಂದು ನೆಲೆಸಿದ್ದ ಒಬ್ಬ ಅಜ್ಜಿ ಇದ್ದರು. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕಾಸರಗೋಡಿನವಳು, ಎರಡೂ ಬರುತ್ತದೆ ಎಂದು ಯಾರೋ ನನ್ನನ್ನು ಕರೆದರು. ನಾವು ಗಡಿಯವರು ಜೀವನಪೂರ್ತಿ ಎರಡೂ ಕಡೆಯ ಕಚೇರಿಗಳಲ್ಲಿ ಪರದಾಡಿದ್ದಕ್ಕೆ ಅವತ್ತು ಒಂದು ಪ್ರಯೋಜನ ಸಿಕ್ಕಿತು.

ಅಜ್ಜಿ ನನ್ನ ಕನ್ನಡಕದ ರಾಶಿಯಿಂದ ಎರಡೂವರೆಯದ್ದು ಹಾಕಿಕೊಂಡು ಕೂತರು. ಚೌಕಟ್ಟು ನೇರಳೆ ಬಣ್ಣದ್ದು. ನಾನು ಫಾರಂ ತುಂಬಿಸುತ್ತಾ ಹೋದೆ. ಮನೆ ನಂಬರು ಕೇಳಿದೆ. ಹೇಳಿದರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಬೇಕಿತ್ತು, ಕಾಲಂ ಇತ್ತು. ಪೆನ್ನು ಅಲ್ಲೇ ನಿಂತಿತು. ಅಜ್ಜಿಯೇ ನೋಡಿದರು. "ಬರಿ ಮಗಾ, ಒಂದು ಅಂತ ಬರಿ" ಎಂದರು. ಬರೆದೆ. ಕೆಳಗೆ ರುಜು ಹಾಕುವಲ್ಲಿ ಹೆಬ್ಬೆಟ್ಟಿನ ಶಾಯಿ ದೂಡಿ, ಪೆನ್ನು ಇಸಿದುಕೊಂಡು, ಮಲಯಾಳದ ಫಾರಂ ಮೇಲೆ ಕನ್ನಡದಲ್ಲಿ ಹೆಸರು ಬರೆದರು. ಒತ್ತಕ್ಷರ ಒಂದು ತಪ್ಪಿತ್ತು. ಟೀಚರ್ ಕೈ ತಿದ್ದಲು ಹೋಯಿತು, ಹಿಂದಕ್ಕೆ ತೆಗೆದುಕೊಂಡೆ.

ಅವರ ಜೊತೆ ನಾನು ಪ್ರಾರ್ಥನೆ ಮಾಡಲಿಲ್ಲ. ಅವರು ಕೇಳಲಿಲ್ಲ. ಮಹದೇಶ್ವರನ ಒಕ್ಕಲಿನವರು. ಹೊರಡುವಾಗ ಅವರೇ ನನ್ನ ತಲೆ ಸವರಿ ಅವರ ದೇವರ ಹೆಸರು ಹೇಳಿದರು. ನಾನು ತಲೆ ಬಗ್ಗಿಸಿದೆ. ನಮ್ಮ ಜೊತೆ ಬಂದಿದ್ದ ಒಬ್ಬ ಅಣ್ಣನಿಗೆ ಅದು ಸರಿ ಕಾಣಲಿಲ್ಲ. ಬಸ್ಸಿನಲ್ಲಿ ಕಣ್ಣೂರು ದಾಟುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ಹಾಗಾಗಿ ತಂಡದಲ್ಲಿ ಒಬ್ಬರಾದರೂ ಅರ್ಜಿ ಬರೆಯಲು ಬರುವವರಿರಲಿ. ನಾಲ್ಕು ಪೆನ್ನು, ಬಿಳಿ ಹಾಳೆ, ಸ್ಟ್ಯಾಂಪ್ ಪ್ಯಾಡು, ದಾಖಲೆ ಹಾಕಿಡಲು ಜಿಪ್ಪಿನ ಪ್ಲಾಸ್ಟಿಕ್ ಕವರು ಒಯ್ಯಿರಿ. ಈಗಿನ ಗಡಿಗೆ ಅದೇ.

ಮತ್ತೆ ಹೋಗುವ ದಿನ

ಶಿಬಿರ ಇರುವಾಗ ಎಲ್ಲರೂ ಬರುತ್ತಾರೆ. ಸೈನ್ಯದವರು ಚೂರಲ್‌ಮಲದಲ್ಲಿ ಉಕ್ಕಿನ ಬಿಡಿಭಾಗ ಜೋಡಿಸುವ 190 ಅಡಿಯ ಬೈಲಿ ಸೇತುವೆ ಕಟ್ಟಿದ್ದನ್ನು ದೇಶವೆಲ್ಲ ನೋಡಿತು. ಆಗಸ್ಟ್ ಕೊನೆಗೆ ಶಿಬಿರ ಮುಚ್ಚಿ ಜನರನ್ನು ಬಾಡಿಗೆ ಮನೆಗಳಿಗೆ ಕಳಿಸಿದರು. ಸರ್ಕಾರ ತಿಂಗಳಿಗೆ 6,000 ರೂಪಾಯಿ ಬಾಡಿಗೆ ಕೊಡುತ್ತೇನೆಂದಿತು. ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಮನೆಗಳಿಗೆ ಕಲ್ಲು ಹಾಕಿದ್ದು 2025ರ ಮಾರ್ಚ್ 27ಕ್ಕೆ. ನಡುವಿನ ಏಳು ತಿಂಗಳು ಬಾಡಿಗೆ ಮನೆಯ ಬಾಗಿಲು ಯಾರು ತಟ್ಟುತ್ತಾರೆ? ಶಾಲೆಯಲ್ಲಿ ನೂರಾರು ಜನರ ನಡುವೆ ಮಲಗಿದ್ದವರಿಗೆ ಅಲ್ಲಿ ಮೊದಲ ಸಲ ಒಂಟಿ ರಾತ್ರಿ.

ಆದ್ದರಿಂದ ಶಿಬಿರದಿಂದ ಹೊರಡುವಾಗಲೇ ಮುಂದಿನ ತಾರೀಕು ಹೇಳಿ ಬನ್ನಿ. "ಮತ್ತೆ ಬರ್ತೇವೆ" ಎನ್ನಬೇಡಿ, ಅದನ್ನು ಎಲ್ಲರೂ ಹೇಳುತ್ತಾರೆ. "ಅಕ್ಟೋಬರ್ ಎರಡನೇ ಶನಿವಾರ" ಎನ್ನಿ. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೋಗಲಾಗದಿದ್ದರೆ ಫೋನ್ ಮಾಡಿ ಬೇರೆ ತಾರೀಕು ಹೇಳಿ. ತಾರೀಕು ಹೇಳಲು ಧೈರ್ಯ ಇಲ್ಲದಿದ್ದರೆ ನಿರೀಕ್ಷೆಯ ಬಗ್ಗೆ ಮಾತಾಡಲೂ ಹೋಗಬೇಡಿ.

ನಾನು ಆ ಅಕ್ಟೋಬರದಲ್ಲಿ ಹೋದೆ. ಹೋಗುವ ಮೊದಲು ಅಜ್ಜಿಗೆ ಫೋನ್ ಮಾಡಿ ಏನು ತರಲಿ ಎಂದು ಕೇಳಿದೆ. ನಮ್ಮ ಹಲಸಿನ ಹಪ್ಪಳ ಎನ್ನುತ್ತಾರೆ ಎಂದುಕೊಂಡಿದ್ದೆ. "ಎರಡು ತಿಂಗಳಿಂದ ಬರೀ ಅನ್ನ, ಗಂಜಿ ಕಣವ್ವಾ" ಎಂದರು. "ರಾಗಿ ಹಿಟ್ಟು ತತ್ತೀಯಾ?"

ಮುಳ್ಳೇರಿಯದಲ್ಲಿ ಒಳ್ಳೆಯ ರಾಗಿ ಹಿಟ್ಟು ಸಿಗಲಿಲ್ಲ. ಸುಳ್ಯದಿಂದ ತರಿಸಿದೆ, ಐದು ಕೇಜಿ. ಮುದ್ದೆ ಕಟ್ಟಲು ನನಗೆ ಬರುವುದಿಲ್ಲ, ನಾವು ಕುಚ್ಚಲಕ್ಕಿಯವರು. ಆ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಅಜ್ಜಿ ಕೋಲು ತಿರುಗಿಸಿದರು, ನಾನು ಪಾತ್ರೆ ಹಿಡಿದೆ. ಮೊದಲ ಮುದ್ದೆ ಗಂಟು ಗಂಟಾಯಿತು. ಹಿಟ್ಟಿನದ್ದೇ ತಪ್ಪು, ಸುಳ್ಯದವರಿಗೆ ರಾಗಿ ಬೀಸಲು ಬರಲ್ಲ ಎಂದರು.

ಈ ಸಲ ಗುಂಡ್ಲುಪೇಟೆಯಿಂದಲೇ ತರಿಸುತ್ತಿದ್ದೇನೆ.